ಡಂಗುರದಕ್ಕ ಸುಮ್ಮನೆ ಕೂತ ಮಧ್ಯಾಹ್ನ

ವಿದ್ಯುತ್ತನ್ನು ಸಗಟಾಗಿ ಕೊಳ್ಳುವವರೂ ಮಾರುವವರೂ ತಮ್ಮ ಪ್ರತಿಯೊಂದು ವಹಿವಾಟನ್ನೂ ನಿಯಂತ್ರಣ ಮಂಡಳಿಗೆ ವರದಿ ಮಾಡಬೇಕು. ಯಾವುದಾದರೂ ಸ್ಥಾವರ ಕೆಟ್ಟು ನಿಂತರೆ, ಒಳಗಿನವರು ಆ ಸುದ್ದಿಯಿಂದ ಲಾಭ ಮಾಡಿಕೊಳ್ಳುವ ಮೊದಲೇ ಅದನ್ನು ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಬೇಕು. ಈ ನಿಯಮವನ್ನು ಕಾಗದದಿಂದ ಇಳಿಸಿ ದಿನನಿತ್ಯದ ರೂಢಿಯನ್ನಾಗಿ ಮಾಡಿದ ಕೆಲವೇ ಮಂದಿಯಲ್ಲಿ, ಈಗ ನಿವೃತ್ತರಾಗುತ್ತಿರುವ, ನಮ್ಮ ವಿದ್ಯುತ್ ವ್ಯಾಪಾರ ಸಂಸ್ಥೆಯ ವರದಿ ವಿಭಾಗದ ಮುಖ್ಯಸ್ಥೆಯವರು ಒಬ್ಬರು. ವ್ಯಾಪಾರಿಗಳ ಬಾಯಲ್ಲಿ ಅವರು ಡಂಗುರದಕ್ಕ. ಬೆನ್ನ ಹಿಂದೆ ಹುಟ್ಟಿದ ಈ ಹೆಸರು ಒಂದು ದಿನ ಕಿವಿಗೆ ಬಿದ್ದಾಗ ಅವರು, "ಡಂಗುರ ಹೊಡೆಯೋದಕ್ಕೇ ತಾನೆ ನನಗೆ ಸಂಬಳ" ಎಂದು ಕಂಪ್ಯೂಟರಿನ ಕಡೆ ತಿರುಗಿದರು.

ಅವರು ಸೇರಿದಾಗ ನಿಯಮ ಹೊಸದು. ವರದಿ ವಿಭಾಗವೆಂದರೆ ಜೆರಾಕ್ಸ್ ಯಂತ್ರದ ಪಕ್ಕದ ಒಂದು ಮೇಜು. ಹೊಸದಾಗಿ ಬಂದ ವ್ಯಾಪಾರಿಯೊಬ್ಬ ಕಿಲೋವ್ಯಾಟಿನ ಜಾಗದಲ್ಲಿ ಮೆಗಾವ್ಯಾಟ್ ಎಂದು ತುಂಬಿ, ಸಣ್ಣದೊಂದು ಊರಿಗೆ ಇಡೀ ನಾಡಿನ ವಿದ್ಯುತ್ತನ್ನು ಮಾರಿಬಿಟ್ಟ ಪ್ರಸಂಗವೂ ಆ ಮೇಜಿನ ಮೇಲೇ ಬಯಲಾದದ್ದು. ಅವರು ತಿದ್ದುಪಡಿಯನ್ನು ಇಡೀ ವಿಭಾಗದ ತಪ್ಪೆಂದು ಬರೆದು ಕಳಿಸಿದರು. ಆತನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಂಕಿಯನ್ನು ಬಾಯಿಬಿಟ್ಟು ಓದದೆ ಕಳಿಸಬಾರದೆಂದು ಕಲಿಸಿದರು. ಇಂದಿಗೂ ನಮ್ಮಲ್ಲಿ ಅಂಕಿಗಳನ್ನು ಗಟ್ಟಿಯಾಗಿ ಓದುತ್ತಾರೆ. ಹೊರಗಿನಿಂದ ಬಂದವರಿಗೆ ಮಗ್ಗಿ ಹೇಳಿಕೊಡುವ ಶಾಲೆಯಂತೆ ಕಾಣುತ್ತದೆ.

ಮುಂದೆ ಅವರಿಗೆ ವ್ಯಾಪಾರದ ಸಭಾಂಗಣದ ಪಕ್ಕದಲ್ಲೇ ಗಾಜಿನ ಕೋಣೆ ಬಂತು. ಅತ್ತಲಿನವರಿಗೆ ಇವರು ಕಾಣುವರು, ಇವರಿಗೆ ಅತ್ತಲಿನವರು. ಈ ಕೋಣೆಯಲ್ಲೇ ಅವರ ಸೇವಾವಧಿಯ ಅತಿ ಕಠಿಣ ಮಧ್ಯಾಹ್ನ ಕಳೆಯಿತು.

ಅವರ ತಮ್ಮ ಬೇರೊಂದು ಸಂಸ್ಥೆಯ ಉಷ್ಣ ಸ್ಥಾವರದಲ್ಲಿ ಪಾಳಿಯ ಇಂಜಿನಿಯರ್. ಊಟದ ಹೊತ್ತಿಗೆ ಅವನ ಕರೆ ಬಂತು.

"ಅಕ್ಕಾ, ಸಂಜೆ ಬರೋಕಾಗಲ್ಲ. ಬಾಯ್ಲರ್ ಸೋರ್ತಿದೆ, ಇನ್ನೇನು ನಿಲ್ಲಿಸ್ತೀವಿ."

"ಪ್ರಕಟಣೆ ಹಾಕಿದೀರಾ?"

ಹೇಳಬಾರದವರಿಗೆ ಹೇಳಿಬಿಟ್ಟೆನೆಂಬುದು ಅವನಿಗೆ ಆಗ ಹೊಳೆಯಿತು. "ವಹಿವಾಟು ಮುಗೀಲಿ ಅಂತಿದಾರೆ ಸಾಹೇಬ್ರು. ನೀನು ಕೇಳಿಸ್ಕೊಂಡೇ ಇಲ್ಲ ಅನ್ಕೋ ಅಕ್ಕಾ."

"ಕಿವಿಗೆ ಬಿದ್ದದ್ದನ್ನ ವಾಪಸ್ ಕೊಡೋಕಾಗುತ್ತೇನೋ? ಈಗ್ಲೇ ಹೋಗಿ ಪ್ರಕಟಣೆ ಹಾಕಿಸು. ನಿನ್ನಿಂದ ನನಗೆ ಗೊತ್ತಾಯ್ತು ಅಂತ ನಾನು ಮಂಡಳಿಗೆ ಬರೀತೀನಿ."

"ನನ್ನ ಕೆಲಸ ಹೋಗುತ್ತೆ."

"ಹೋಗಬಹುದು," ಎಂದರು ಅಕ್ಕ.

ಫೋನ್ ಇಟ್ಟು ಗಾಜಿನಾಚೆ ನೋಡಿದರೆ, ನಮ್ಮವರು ಅದೇ ಸಂಜೆಯ ವಿದ್ಯುತ್ತನ್ನು ಧಾರಾಳವಾಗಿ ಮಾರುತ್ತಿದ್ದರು. ಸ್ಥಾವರ ನಿಂತ ಸುದ್ದಿ ಹೊರಬಿದ್ದೊಡನೆ ಬೆಲೆ ಏರುವುದು, ಮಾರಿದ್ದನ್ನು ಪೂರೈಸಲು ನಮ್ಮವರೇ ದುಬಾರಿ ದರಕ್ಕೆ ಕೊಳ್ಳಬೇಕಾಗುವುದು ಅಕ್ಕನಿಗೆ ಸ್ಪಷ್ಟವಾಗಿತ್ತು. ನಿಲ್ಲಿಸಿ ಎನ್ನುವಂತಿರಲಿಲ್ಲ, ನಿಲ್ಲಿಸಿ ಎನ್ನುವುದೇ ಸುದ್ದಿ ಹೇಳಿದಂತೆ. ಎದ್ದು ಹೊರಗೆ ಹೋಗುವಂತೆಯೂ ಇರಲಿಲ್ಲ. ಅವರು ವೇಳೆಯಲ್ಲದ ವೇಳೆಯಲ್ಲಿ ಕುರ್ಚಿ ಬಿಟ್ಟರೆ ಅದನ್ನೂ ಅಳೆದು ತೂಗುವ ಕಣ್ಣುಗಳು ಅಲ್ಲಿದ್ದವು. ಮಂಡಳಿಗೆ ಬರೆಯಬೇಕಾದ್ದನ್ನು ಬರೆದು ಕಳಿಸಿ ಕೂತರು.

ಸ್ವಲ್ಪ ಹೊತ್ತಿಗೆ ಹಿರಿಯ ವ್ಯಾಪಾರಿ ಚಹಾ ಹಿಡಿದು ಬಾಗಿಲಲ್ಲಿ ನಿಂತರು. ಮುಖ ನೋಡಿ ಮಾರುಕಟ್ಟೆ ಹೇಳುವ ಅವರನ್ನು ಎಲ್ಲರೂ ಗರುಡ ಎನ್ನುತ್ತಿದ್ದರು.

"ಏನ್ ಮೇಡಂ, ಊಟ ಹಾಗೇ ಇದೆ?"

"ನಿಮ್ಮ ನಿನ್ನೆ ವರದಿ ಬಂದಿದ್ರೆ ಊಟ ಇಳೀತಿತ್ತು. ಚಹಾ ಕುಡ್ಕೊಂಡು ಓಡಾಡೋಕೆ ಮಾತ್ರ ಪುರುಸೊತ್ತಿದೆ ನಿಮಗೆ."

ಗರುಡ ನಕ್ಕು ಹೋದರು. ಎಂದಿನ ಬೈಗುಳ ಎಂದಿನಂತೆಯೇ ಬಿದ್ದದ್ದರಿಂದ ಅವರಿಗೆ ಬೇರೇನೂ ಕಾಣಲಿಲ್ಲ.

ಅತ್ತ ಸ್ಥಾವರದಲ್ಲಿ ಅಕ್ಕನ ತಮ್ಮ ತನ್ನ ಮೇಲಧಿಕಾರಿಯನ್ನು ಬಿಟ್ಟು ನೇರವಾಗಿ ಪ್ರಕಟಣೆಯ ವಿಭಾಗಕ್ಕೆ ಹೋಗಿದ್ದ. ವಹಿವಾಟು ಮುಗಿಯುವ ಮುನ್ನವೇ ಸುದ್ದಿ ಪರದೆಯ ಮೇಲೆ ಬಂತು, ಬೆಲೆ ಜಿಗಿಯಿತು, ನಮ್ಮ ಸಂಸ್ಥೆಗೆ ಪೆಟ್ಟು ಬಿತ್ತು. ಅಕ್ಕ ಆಗ ಎದ್ದು ಸಭಾಂಗಣಕ್ಕೆ ಹೋಗಿ, ತಮಗೆ ಮೊದಲೇ ತಿಳಿದಿತ್ತೆಂಬುದನ್ನು ಎಲ್ಲರ ಎದುರು ಹೇಳಿದರು.

"ಗೊತ್ತಿದ್ದೂ ಸುಮ್ನೆ ಕೂತಿದ್ರಾ?" ಎಂದು ಗರುಡ ಕೂಗಿದರು.

"ಗೊತ್ತಿದ್ದಕ್ಕೇ ಸುಮ್ನೆ ಕೂತಿದ್ದೆ."

ಮಂಡಳಿಯ ವಿಚಾರಣೆಯಲ್ಲಿ ನಮ್ಮ ಸಂಸ್ಥೆಯ ಮೇಲೆ ಕಪ್ಪುಚುಕ್ಕೆ ಬೀಳಲಿಲ್ಲ. ತಮ್ಮನ ಕೆಲಸ ಉಳಿಯಿತು, ಬಡ್ತಿ ಉಳಿಯಲಿಲ್ಲ. ದೂರದ ಉಗ್ರಾಣವೊಂದಕ್ಕೆ ಅವನನ್ನು ವರ್ಗ ಮಾಡಿದರು. ಬಹಳ ಕಾಲ ಅವನು ಅಕ್ಕನ ಮನೆಯ ಮೆಟ್ಟಿಲು ಹತ್ತಲಿಲ್ಲ. ಮಕ್ಕಳನ್ನು ಅವನ ಹೆಂಡತಿ ಕರೆತಂದು ಬಿಟ್ಟು ಬಾಗಿಲಿಂದಲೇ ಹಿಂದಿರುಗುತ್ತಿದ್ದರು. ಅಕ್ಕ ಇದನ್ನು ಕಚೇರಿಯಲ್ಲಿ ಯಾರೊಡನೆಯೂ ಆಡಿಕೊಂಡವರಲ್ಲ. ಮಾಡಿದ್ದು ಸರಿಯೆಂದು ಸಮರ್ಥಿಸಿಕೊಳ್ಳಲೂ ಇಲ್ಲ. ಕೊನೆಗೆ ತಮ್ಮ ತಾನಾಗಿ ಬಂದ. ಪುನಃ ಸ್ಥಾವರಕ್ಕೂ ಮರಳಿದ. ಅಕ್ಕನ ಮನೆಯಲ್ಲಿ ಮಾತ್ರ ಮಕ್ಕಳ ಓದು, ಬೆನ್ನುನೋವು, ಮನೆ ಬಾಡಿಗೆ ಎಲ್ಲವೂ ಮಾತಿಗೆ ಬರುತ್ತವೆ, ಅವನ ದಿನದ ಅರ್ಧವನ್ನು ನುಂಗುವ ಸ್ಥಾವರದ ಕೆಲಸದ ವಿಷಯ ಬರುವುದಿಲ್ಲ.

ಬೀಳ್ಕೊಡುಗೆಯ ದಿನ ಅವನೂ ಬಂದಿದ್ದ. "ಇನ್ನು ಮೇಲೆ ಬಾಯ್ಲರ್ ಬಗ್ಗೆ ಮಾತಾಡಬಹುದಲ್ಲ ಅಕ್ಕಾ? ಹೇಳೋಕೆ ರಾಶಿ ಇದೆ."

ಅದೇ ಬೆಳಿಗ್ಗೆ, ವರದಿ ವಿಭಾಗದ ಹೊಸಬರಿಗೆ ತರಬೇತಿ ಕೊಡುವಂತೆ ಸಂಸ್ಥೆ ಕೇಳಿದ್ದಕ್ಕೆ ಅವರು ಒಪ್ಪಿದ್ದರು. ಅದೇ ಗಾಜಿನ ಕೋಣೆಯಲ್ಲಿ, ವ್ಯಾಪಾರಿಗಳ ಕಣ್ಣೆದುರೇ ಕೂರಬೇಕು.

"ಇನ್ನೂ ಸ್ವಲ್ಪ ದಿನ ತಡ್ಕೋ," ಎಂದರು.

"ಎಷ್ಟು ದಿನ?"

ಅಕ್ಕ ಅವನ ತಟ್ಟೆಗೆ ಇನ್ನೊಂದು ತುಂಡು ಕೇಕ್ ಹಾಕಿದರು.

ಅವರು ಆರೋಗ್ಯದಿಂದ ನೂರು ಕಾಲ ಬಾಳಲಿ, ನಮ್ಮ ಹೊಸಬರನ್ನು ಇನ್ನೂ ಬಹುಕಾಲ ತಿದ್ದಲಿ ಎಂದು ಹಾರೈಸುತ್ತೇವೆ. ಆ ಹಾರೈಕೆಯ ಬೆಲೆಯನ್ನು ತೆರುವವರು ನಾವಲ್ಲವೆಂಬುದನ್ನು ಬಲ್ಲೆವು. ಆದ್ದರಿಂದ ಅಷ್ಟೇ ಆಯುಸ್ಸು, ಅಷ್ಟೇ ತಾಳ್ಮೆ ಅವರ ತಮ್ಮನಿಗೂ ಇರಲಿ.