ಅತ್ತೆಯವರು ಬಂದ್ ಮಾಡಿದ ಬಟನ್

ಈ ಸಲದ ಆಷಾಢದಲ್ಲಿ ನಮ್ಮ ಮನೆಯ ಫೋನು ಒಂದು ಸಲವೂ ರಿಂಗಾಗಲಿಲ್ಲ.

ನಂಬುತ್ತೀರಾ? ಹಿಮಾಯತ್‌ನಗರದಂಥ ಗದ್ದಲದ ಜಾಗದಲ್ಲಿ, ಮೂರು ಜನ ದೊಡ್ಡವರಿರುವ ಮನೆಗೆ, ತಿಂಗಳಿಡೀ ಒಂದು ರಾಂಗ್ ನಂಬರ್ ಕೂಡ ಬರಲಿಲ್ಲ. ಅದಕ್ಕಿಂತ ವಿಚಿತ್ರವೆಂದರೆ, ಯಾರ ಫೋನೂ ಬರುತ್ತಿಲ್ಲವೆಂದು ನಾವ್ಯಾರೂ ಒಬ್ಬರಿಗೊಬ್ಬರು ಹೇಳಿಕೊಳ್ಳಲೂ ಇಲ್ಲ.

ಗೆಳೆಯರೆಲ್ಲ ತಮ್ಮನ್ನು ಕೈಬಿಟ್ಟರು ಎಂದು ನಮ್ಮವರು (ಅಂದರೆ ನನ್ನ ಗಂಡ) ಒಳಗೊಳಗೇ ಕೊರಗಿದರು. ಈ ಅಂಕಣ ಓದಿ ಯಾರೂ ಒಂದು ಮಾತು ಹೇಳುತ್ತಿಲ್ಲವಲ್ಲ, ನನ್ನ ಬರವಣಿಗೆ ಸಪ್ಪೆಯಾಯಿತೇನೋ ಎಂದು ನಾನು ಕೊರಗಿದೆ. (ನಿಮ್ಮನ್ನೆಲ್ಲ ಮನಸ್ಸಿನಲ್ಲೇ ಬೈದದ್ದೂ ಉಂಟು. ಕ್ಷಮೆ ಇರಲಿ.) ನಮ್ಮ ಅತ್ತೆಯವರ ಕೊರಗು ಮಾತ್ರ ನಮ್ಮಿಬ್ಬರದಕ್ಕಿಂತ ದೊಡ್ಡದಿತ್ತು. ಅದನ್ನು ಹೇಳುವ ಮೊದಲು ನಿಮಗೊಂದು ಪ್ರಶ್ನೆ.

ನೀವು ಟಿ.ವಿ.ಯನ್ನು ರಿಮೋಟಿನಲ್ಲಿ ಆಫ್ ಮಾಡಿ ಎದ್ದು ಹೋಗುವವರೋ, ಗೋಡೆಯ ಬಟನ್ ಬಂದ್ ಮಾಡಿಯೇ ಹೋಗುವವರೋ?

ನಾನು ರಿಮೋಟಿನ ಪಂಗಡ. ಆ ಪುಟ್ಟ ಕೆಂಪು ದೀಪ ಉರಿಯುತ್ತಿದ್ದರೆ ನನಗೇನೂ ತಕರಾರಿಲ್ಲ. ಕತ್ತಲಲ್ಲಿ ನೀರು ಕುಡಿಯಲು ಎದ್ದಾಗ ಟಿ.ವಿ. ಸ್ಟ್ಯಾಂಡಿಗೆ ಕಾಲು ಬಡಿಯದಂತೆ ಕಾಯುತ್ತದೆ, ಪಾಪ. ಅತ್ತೆಯವರು ಗೋಡೆಯ ಪಂಗಡ. ಬರೀ ಸದಸ್ಯೆ ಅಲ್ಲ, ಅಧ್ಯಕ್ಷೆ! ಮಿಕ್ಸಿ ನಿಂತಿತೋ, ಬಟನ್ ಬಂದ್. ಇಸ್ತ್ರಿ ಆಯಿತೋ, ಬಂದ್. ಗೀಜರಿನ ಬಟನ್ ಬಚ್ಚಲಿನ ಹೊರಗಿರುವುದರಿಂದ ನನಗೆ ಎರಡನೇ ಬಕೆಟ್ ಬಿಸಿನೀರು ಸಿಗುವುದು ಅದೃಷ್ಟದ ಮಾತು. ಫ್ರಿಜ್ಜಿನ ಮೇಲೂ ಅವರಿಗೆ ಕಣ್ಣಿದೆ. ಹಾಲು ಕೆಡುತ್ತದೆಂಬ ಒಂದೇ ಕಾರಣಕ್ಕೆ ಅದಕ್ಕೆ ಮಾಫಿ.

ಒಮ್ಮೆ ಎದುರು ಫ್ಲ್ಯಾಟಿನ ತೆಲುಗಿನವರ ಮನೆಗೆ ಸೀರಿಯಲ್ ನೋಡಲು ಹೋದವರು, ಅದು ಮುಗಿದ ಕೂಡಲೇ ತಾವೇ ಎದ್ದು ಅವರ ಟಿ.ವಿ.ಯ ಬಟನ್ನನ್ನೂ ಬಂದ್ ಮಾಡಿ ಬಂದರು. ("ಪರ್ವಾಲೇದಂಡಿ", ಪರವಾಗಿಲ್ಲ ಬಿಡಿ, ಎಂದರಂತೆ ಆ ಪುಣ್ಯಾತ್ಗಿತ್ತಿ.)

"ಕೆಲಸ ಮುಗದ ಮ್ಯಾಲೆ ಅದಕ್ಯಾಕ ಕರೆಂಟು? ಉಂಡು ಎದ್ದ ಮ್ಯಾಲೂ ತಾಟಿಗಿ ಬಡಸ್ತಾರೇನು?" ಇದು ಅವರ ವಾದ.

ಹೀಗಾಗಿ ನಮ್ಮ ಮನೆಯಲ್ಲಿ ಯಾವ ಸಾಮಾನು ಮುಟ್ಟುವುದಿದ್ದರೂ ಕೈ ಮೊದಲು ಗೋಡೆಗೆ ಹೋಗುತ್ತದೆ. ಬಟನ್ ಹಾಕು, ಕೆಲಸ ಮಾಡು. ಬಂದ್ ಮಾಡಲು ಅತ್ತೆಯವರಿದ್ದಾರೆ.

ಇಂಥ ಮನೆಗೆ ನಮ್ಮವರು ಕಾರ್ಡ್‌ಲೆಸ್ ಫೋನ್ ತಂದರು. ಮಂಡಿನೋವಿನ ತಾಯಿ ಫೋನು ಬಂದಾಗಲೆಲ್ಲ ಅಡಿಗೆಮನೆಯಿಂದ ಹಾಲಿಗೆ ಓಡುವುದು ಬೇಡ, ಕೂತಲ್ಲೇ ಮಾತಾಡಲಿ ಎಂಬ ಆಸೆ. "ಆಷಾಢದಾಗ ಹೊಸ ಸಾಮಾನ ತರತಾರೇನೋ?" ಎಂದು ಬೈಸಿಕೊಂಡರು, ಆ ಮಾತು ಬೇರೆ. ಹಳೆಯ ಫೋನಿಗೆ ಟೆಲಿಫೋನಿನ ತಂತಿಯೊಂದೇ ಸಾಕಿತ್ತು. ಹೊಸದಕ್ಕೆ ಕರೆಂಟೂ ಬೇಕು. ಕರೆಂಟು ಎಂದ ಮೇಲೆ ಪ್ಲಗ್. ಪ್ಲಗ್ ಎಂದ ಮೇಲೆ ಬಟನ್. ಬಟನ್ ಎಂದ ಮೇಲೆ...

ನಿಮಗೆ ಗೊತ್ತಾಯಿತು. ನಮಗೆ ಗೊತ್ತಾಗಲಿಲ್ಲ. ಎಲ್ಲಿಗಾದರೂ ಫೋನ್ ಮಾಡಬೇಕಾದಾಗ ರೂಢಿಯಂತೆ ಗೋಡೆಯ ಬಟನ್ ಹಾಕುತ್ತಿದ್ದೆವು, ಮಾತಾಡುತ್ತಿದ್ದೆವು, ಇಡುತ್ತಿದ್ದೆವು. ಅತ್ತೆಯವರು ಆ ಕಡೆ ಹಾಯುವಾಗ ಬಂದ್ ಮಾಡಿಬಿಡುತ್ತಿದ್ದರು. ನಾವು ಎತ್ತಿದಾಗಲೆಲ್ಲ ಫೋನು ಸರಿಯಾಗಿಯೇ ಇರುತ್ತಿತ್ತು. ಅನುಮಾನ ಬರುವುದಾದರೂ ಹೇಗೆ?

ಈಗ ಅತ್ತೆಯವರ ಕೊರಗಿಗೆ ಬರುತ್ತೇನೆ. ಅವರ ತವರು ರಾಯಚೂರು. ಅಲ್ಲಿರುವುದು ಒಬ್ಬನೇ ಅಣ್ಣ, ನಾವೆಲ್ಲ ಮಾಮಾ ಎನ್ನುತ್ತೇವೆ. ಪ್ರತಿ ಭಾನುವಾರ ಬೆಳಿಗ್ಗೆ ಮಾಮಾನ ಫೋನು ಬರಲೇಬೇಕು. ಮಾತೇನೂ ಹೆಚ್ಚಿಲ್ಲ. ಮಳೆ ಆಯಿತೇ, ಮಂಡಿ ಹೇಗಿದೆ, ಇವತ್ತು ಏನು ಪಲ್ಯ. ಪಂಚಮಿ ಹತ್ತಿರ ಬಂದಾಗ ಮಾತ್ರ ಒಂದು ಮಾತು ಜಾಸ್ತಿ: "ಹಬ್ಬಕ್ಕ ಬಾ ತಂಗಿ."

ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ನಾಗರ ಪಂಚಮಿ ಎಂದರೆ ಏನೆಂದು ಹೇಳಬೇಕೇ? ತವರಿನವರು ಕರೆಯಬೇಕು. ಕರೆಯದೆ ಹೋಗುವಂತಿಲ್ಲ, ಕರೆಯಿರೆಂದು ಬಾಯಿಬಿಟ್ಟು ಕೇಳುವಂತಿಲ್ಲ. ಮೊದಲೆಲ್ಲ ಮಾಮಾ ತಾವೇ ಬಂದು ಕರೆದುಕೊಂಡು ಹೋಗುತ್ತಿದ್ದರು. ಮನೆಗೆ ಫೋನು ಬಂತು, ಮಾಮಾ ಬರುವುದು ನಿಂತಿತು. ಫೋನಿನಲ್ಲಿ ಕರೆದರೆ "ಮಂಡಿ ಭಾಳ ನೋಯಾಕತ್ತೈತಿ ಅಣ್ಣಾ" ಎಂದು ಅತ್ತೆಯವರು ಹೋಗುತ್ತಲೂ ಇರಲಿಲ್ಲ. ಆದರೂ ಕರೆಯಬೇಕು!

ಈ ವರ್ಷ ಕರೆಯಲಿಲ್ಲ. ಭಾನುವಾರ ಬಂತೆಂದರೆ ಅತ್ತೆಯವರು ಸ್ನಾನ ಮುಗಿಸಿ, ಫೋನಿನ ಪಕ್ಕ ಕುರ್ಚಿ ಎಳೆದುಕೊಂಡು, ಮೆಂತ್ಯೆಸೊಪ್ಪು ಬಿಡಿಸುತ್ತ ಕೂರುತ್ತಿದ್ದರು. (ತಾವೇ ಬಂದ್ ಮಾಡಿದ ಫೋನಿನ ಪಕ್ಕ. ಈಗ ನೆನೆದರೆ ನಗು ಬರುತ್ತದೆ, ಅಯ್ಯೋ ಪಾಪ ಎಂದೂ ಅನಿಸುತ್ತದೆ.) ಸೊಪ್ಪು ಮುಗಿಯುತ್ತಿತ್ತು, ಫೋನು ಬರುತ್ತಿರಲಿಲ್ಲ.

"ನೀವ ಮಾಡ್ರಿ ಅತ್ತಿ," ಎಂದೆ.

"ನಾ ಯಾಕ ಮಾಡ್ಲಿ? ಹಬ್ಬಕ್ಕ ಕರೀರಿ ಅಂತ ಬೇಡ್ಕೊಳ್ಳೇನು? ತೊಟ್ಟಲಕ್ಕ ಬರಲಿಲ್ಲಂತ ಅಣ್ಣಗ ಸಿಟ್ಟ ಬಂದೈತಿ. ನಂದಿನ್ನ ತವರು ಮುಗೀತು ಬಿಡು."

ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ತಂಗಿ ಬರಲಿಲ್ಲವೆಂದು ಮಾಮಾ ಹಿಂದಿನ ಸಲ ಫೋನಿನಲ್ಲಿ ಸ್ವಲ್ಪ ಬೇಸರ ತೋರಿಸಿದ್ದರು. ಅದನ್ನೇ ಹಿಡಿದುಕೊಂಡು ಅತ್ತೆಯವರು ಊಟ ಅರ್ಧ ಮಾಡಿದರು. ನೀವಾದರೂ ಮಾಮಾನಿಗೆ ಫೋನ್ ಹಚ್ಚಿ ಎಂದು ನಮ್ಮವರಿಗೆ ಹೇಳಿದರೆ, "ಅವ್ವ ಆಣಿ ಹಾಕ್ಯಾಳ, ನಾ ಮಾಡೂ ಹಂಗಿಲ್ಲ" ಎಂದು ಪೇಪರ್ ಬಿಡಿಸಿಕೊಂಡು ಕೂತರು.

ಪಂಚಮಿಗೆ ಇನ್ನೇನು ನಾಲ್ಕೈದು ದಿನವಿದೆ ಎನ್ನುವಾಗ ಬೆಳ್ಳಂಬೆಳಿಗ್ಗೆ ಕಾಲಿಂಗ್ ಬೆಲ್ ಹೊಡೆಯಿತು. (ಪುಣ್ಯಕ್ಕೆ ಅದರ ಬಟನ್ ಬಾಗಿಲ ಹೊರಗಿದೆ.) ತೆರೆದರೆ ಮಾಮಾ! ನಾಂಪಲ್ಲಿಯಲ್ಲಿ ರೈಲಿಳಿದು ಸೀದಾ ಆಟೋ ಹಿಡಿದು ಬಂದಿದ್ದಾರೆ. ಕೈಯಲ್ಲಿ ಚೀಲ, ಮುಖದ ತುಂಬ ಸಿಟ್ಟು. ನನ್ನನ್ನು ದಾಟಿ ಅವರ ಕಣ್ಣು ತಂಗಿಯ ಮೇಲೆ ಹೋಯಿತು.

"ಏನವಾ ಶಾಂತಾ, ವಾರಾ ವಾರಾ ಫೋನ್ ಮಾಡಾಕತ್ತೀನಿ. ರಿಂಗ್ ಹೋಗತೈತಿ, ನೀ ಎತ್ತವಲ್ಲಿ! ಒಂದ ಮಾತಿಗಿ ಇಷ್ಟ ಸಿಟ್ಟೇನು? ಜೀವಕ್ಕ ಏನಾತೋ ಏನೋ ಅಂತ ಎದಿ ಒಡಕೊಂಡು ಬಂದೀನಿ."

"ನಾ ಎತ್ತಲಿಲ್ಲ? ನೀ ಮಾಡಲೇ ಇಲ್ಲ. ಸುಳ್ಳ ಯಾಕ ಹೇಳತಿ ಅಣ್ಣಾ?"

"ನಾ ಸುಳ್ಳ ಹೇಳತೀನಿ?"

ಮಾಮಾ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ನಮ್ಮವರು ನಡುವೆ ಬಂದರು. ಕೈ ತಾನಾಗಿ ಗೋಡೆಗೆ ಹೋಯಿತು, ಬಟನ್ ಹಾಕಿದರು, ಫೋನಿನ ಪುಟ್ಟ ಕೆಂಪು ದೀಪ ಹತ್ತಿತು, ಫೋನೆತ್ತಿ ಮಾಮಾನ ಕಿವಿಗೆ ಹಿಡಿದರು. "ಡಯಲ್ ಟೋನ್ ಬರಾಕತ್ತೈತಿ ನೋಡ್ರಿ ಮಾಮಾ. ಫೋನ್ ಬರೋಬರಿ ಐತಿ."

ಅಂದರೆ ಏನಾಯಿತು? ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದಾಯಿತು! ಸಮಾಧಾನ ಮಾಡಲು ಹೋದವರು ಉರಿಯುವ ಬೆಂಕಿಗೆ ತುಪ್ಪ ಸುರಿದರು.

"ತಡೀರಿ, ತೋರಸ್ತೀನಿ," ಎಂದು ಮಾಮಾ ಬಂದ ಕಾಲಲ್ಲೇ ಕೆಳಗಿಳಿದು ಗಲ್ಲಿಯ ತುದಿಯ ಎಸ್‌ಟಿಡಿ ಬೂತಿಗೆ ಹೊರಟರು. ನಾವಿಬ್ಬರು ಫೋನಿನ ಮುಂದೆ ಕೂತೆವು. ಅಣ್ಣನ ಮೇಲೆ ಎಷ್ಟೇ ಸಿಟ್ಟಿರಲಿ, ರೈಲಿನಲ್ಲಿ ಬಂದವನಿಗೆ ಚಹಾ ಇಡಬೇಕಲ್ಲ? ಅತ್ತೆಯವರು ಸೆರಗಿನಿಂದ ಮೂಗೊರೆಸಿಕೊಳ್ಳುತ್ತ ಅಡಿಗೆಮನೆಗೆ ನಡೆದರು.

ಕಾದೆವು. ಫೋನು ತೆಪ್ಪಗೆ ಕೂತಿತ್ತು. ಮಾಮಾ ಏದುಸಿರು ಬಿಡುತ್ತ ಮೇಲೆ ಬಂದರು.

"ರಿಂಗ್ ಹೋತು! ಮೂರೂ ಮಂದಿ ಕುಂತು ಎತ್ತಲಿಲ್ಲ! ಎಲ್ಲಾರೂ ಕೂಡಿ ನನ್ನ ಆಟ ಆಡಸಾಕತ್ತೀರೇನು?"

ಆಗ ನನಗೆ ಎದುರಿನಲ್ಲಿ ಏನೋ ಕಡಿಮೆಯಾದ ಹಾಗೆ ಅನಿಸಿತು. ಕೆಂಪು ದೀಪ! ಫೋನಿನ ಕೆಂಪು ದೀಪ ಇರಲಿಲ್ಲ. ಕಣ್ಣು ವೈರು ಹಿಡಿದು ಗೋಡೆಗೆ ಹೋಯಿತು. ಅಡಿಗೆಮನೆಗೆ ಹೋಗುವಾಗ, ಅಳುತ್ತ ಅಳುತ್ತಲೇ, ಅತ್ತೆಯವರು ಬಟನ್ ಬಂದ್ ಮಾಡಿ ಹೋಗಿದ್ದರು. ಅದೂ ನಮ್ಮ ಕಣ್ಣೆದುರಿಗೇ. ರೂಢಿಯಾಗಿ ಹೋಗಿದ್ದ ನಮಗೆ ಅದು ಕಂಡೇ ಇರಲಿಲ್ಲ. ಕರೆಂಟಿಲ್ಲದಿದ್ದರೆ ರಿಂಗ್ ಕೇಳುವುದು ಫೋನ್ ಮಾಡಿದವರ ಕಿವಿಗೆ ಮಾತ್ರ!

ಬಟನ್ ಕಡೆ ಬೊಟ್ಟು ಮಾಡಿದೆ. ಎಲ್ಲರೂ ಅದನ್ನು ನೋಡಿದರು, ಆಮೇಲೆ ಅತ್ತೆಯವರನ್ನು ನೋಡಿದರು. ಅವರು ಚಹಾದ ಕಪ್ಪು ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು.

"ಮತ್ತ... ಮಾತಾಡೂದು ಮುಗದಿತ್ತಲ್ಲ?"

ಮಾಮಾ ಕುರ್ಚಿಯಲ್ಲಿ ದೊಪ್ಪನೆ ಕೂತು ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. "ತಪ್ಪು ಇಕಿದಲ್ಲ ನೋಡವಾ, ನಂದು," ಎಂದರು ನನಗೆ. ರಾಯಚೂರಿನ ಮನೆಗೆ ಮೊದಲ ಸಲ ರೇಡಿಯೋ ಬಂದಾಗ, ಎಲ್ಲಿ ಸುಟ್ಟುಹೋಗುತ್ತದೋ ಎಂದು ಹೆದರಿ, ಹಾಡು ಮುಗಿದ ಕೂಡಲೇ ಗೋಡೆಯ ಬಟನ್ ಬಂದ್ ಮಾಡುವ ಕೆಲಸವನ್ನು ಸಣ್ಣ ತಂಗಿಗೆ ಹಚ್ಚಿದವರು ಈ ಅಣ್ಣನೇ ಅಂತೆ. ಮರೆತರೆ ತಲೆಗೊಂದು ಮೊಟಕು. "ಐವತ್ತು ವರ್ಷ ಆಗಾಕ ಬಂತು, ಇನ್ನೂ ಮರತಿಲ್ಲ ನೋಡು ಹುಡುಗಿ!"

ಹುಡುಗಿ ಎಂಬ ಮಾತು ಕೇಳಿದ್ದೇ ತಡ, ಅತ್ತೆಯವರು ಬಿಕ್ಕಿ ಬಿಕ್ಕಿ ಅತ್ತರು. ಚಹಾ ಆರಿ ಹೋಯಿತು. ನನ್ನ ಕಣ್ಣೂ ಒದ್ದೆಯಾಯಿತು, ನಿಮ್ಮ ಹತ್ತಿರ ಮುಚ್ಚುಮರೆ ಏಕೆ?

"ನಡಿ, ಪಂಚಮಿಗಿ ಕರಕೊಂಡು ಹೋಗಾಕ ಬಂದೀನಿ," ಎಂದರು ಮಾಮಾ. ಮಂಡಿಯ ಸುದ್ದಿಯೇ ಬರಲಿಲ್ಲ. ಮರುದಿನ ಇಬ್ಬರೂ ಹೊರಟರು. ಆಟೋ ಚಾಲು ಆದ ಮೇಲೆ ತಲೆ ಹೊರಹಾಕಿ ಅತ್ತೆಯವರು ಹೇಳಿದ ಕೊನೆಯ ಮಾತು: "ಗೀಜರಿನ ಬಟನ್ ನೋಡವಾ!"

ಹಬ್ಬ ಮುಗಿಸಿ ಶೇಂಗಾ ಉಂಡಿಯ ಡಬ್ಬಿಯೊಂದಿಗೆ ತಿರುಗಿ ಬಂದರು. ಹತ್ತು ವರ್ಷ ಸಣ್ಣವರಾದಂತೆ ಕಾಣುತ್ತಿದ್ದರು. ಅಷ್ಟರಲ್ಲಿ ನಮ್ಮವರು ಫೋನಿನ ಬಟನ್ ಮೇಲೆ ಸೆಲ್ಲೋಟೇಪ್ ಅಂಟಿಸಿ, "ಇದೊಂದು ಮುಟ್ಟಬ್ಯಾಡ ಅವ್ವಾ" ಎಂದು ತಾಕೀತು ಮಾಡಿದರು. ಅವರು ಮುಟ್ಟಲಿಲ್ಲ. ಫೋನುಗಳು ಬರತೊಡಗಿದವು. ರಾಂಗ್ ನಂಬರುಗಳೂ ಬಂದವು, ನಿಮ್ಮವೂ ಒಂದೆರಡು ಬಂದವು. ಭಾನುವಾರ ಬೆಳಿಗ್ಗೆ ಮಾಮಾನ ಫೋನು: ಮಳೆ, ಮಂಡಿ, ಪಲ್ಯ. ಕೆಂಪು ದೀಪದ ಪಕ್ಷ ಗೆದ್ದಿತು ಎಂದು ನಾನು ಒಳಗೊಳಗೇ ಬೀಗಿದೆ.

ಈಗ ದೀಪಾವಳಿ ಹತ್ತಿರ ಬಂದಿದೆ. ಮೊನ್ನೆ ಭಾನುವಾರ ಎದ್ದು ನೋಡುತ್ತೇನೆ, ಸೆಲ್ಲೋಟೇಪನ್ನು ಯಾರೋ ನೀಟಾಗಿ ಬಿಡಿಸಿ ಪಕ್ಕದ ಗೋಡೆಗೆ ಅಂಟಿಸಿದ್ದಾರೆ. ಬಟನ್ ಬಂದ್. ಅತ್ತೆಯವರ ಕುರ್ಚಿ ಫೋನಿನ ಹತ್ತಿರ ಇರಲಿಲ್ಲ. ಬಾಲ್ಕನಿಯಲ್ಲಿತ್ತು. ಮೆಂತ್ಯೆಸೊಪ್ಪು ಬಿಡಿಸುತ್ತ, ಗಲ್ಲಿಗೆ ತಿರುಗುವ ಒಂದೊಂದು ಆಟೋವನ್ನೂ ಬಗ್ಗಿ ನೋಡುತ್ತ ಅವರು ಕೂತಿದ್ದರು.

ನೀವೇ ಹೇಳಿ, ಆ ಬಟನ್ ನಾನು ಹಾಕಲೋ, ಬಿಡಲೋ?