ಬೆರ್ಗಮೊದಲ್ಲಿ ಕೇಳುವವರಿಲ್ಲ

ಲಂಡನ್ನಿನ ಅಂಚಿನ ಸಟನ್ನಿನಲ್ಲಿರುವ ಡಾಕ್ಟರ್ ತಿರುಮಲೇಶ ಅರಿವಳಿಕೆ ತಜ್ಞ. ಆಸ್ಪತ್ರೆಯಲ್ಲಿ ಔಷಧಿ ಕೊಟ್ಟು ಜನರನ್ನು ಮಲಗಿಸುತ್ತಾನೆ. ಮನೆಗೆ ಬಂದವರನ್ನು ಔಷಧಿಯಿಲ್ಲದೆಯೇ ಮಲಗಿಸುತ್ತಾನೆ. ಎರಡನೆಯದಕ್ಕೆ ಅವನು ಬಳಸುವುದು ಚರಿತ್ರೆ. ಊಟಕ್ಕೆ ಕರೆದರೆ ಸಾರಿಗೂ ಮಜ್ಜಿಗೆಗೂ ನಡುವೆ ಒಂದು ಸಾಮ್ರಾಜ್ಯ ಬಿದ್ದುಹೋಗಿರುತ್ತದೆ. ಮೈಸೂರಿನಲ್ಲಿ ಮೆಡಿಕಲ್ ಓದುವಾಗಿನಿಂದ ನಾನು ಅವನ ಸ್ನೇಹಿತ. ಬಿದ್ದ ಸಾಮ್ರಾಜ್ಯಗಳ ವಿಷಯದಲ್ಲಿ ನನ್ನ ಅನುಭವವೂ ಸಣ್ಣದಲ್ಲ.

ಅವನ ಹೆಂಡತಿ ಮೀರಾ ಅದೇ ಆಸ್ಪತ್ರೆಯ ಲ್ಯಾಬಿನಲ್ಲಿದ್ದಾರೆ. ಮದುವೆಯಾದಾಗಿನಿಂದ ಗಂಡನ ಚರಿತ್ರೆಗೆಲ್ಲ "ಹೂಂ" ಎನ್ನುತ್ತ ಬಂದಿದ್ದಾರೆ. ಚಪಾತಿ ಲಟ್ಟಿಸುವಾಗಲೂ ಬಟ್ಟೆ ಮಡಚುವಾಗಲೂ ಆ ಹೂಂ ಒಂದೇ ಹದದಲ್ಲಿ ಬರುತ್ತದೆ. ಇದು ತಿರುಮಲೇಶನಿಗೆ ಗೊತ್ತಿಲ್ಲವೆಂದು ನಾನು ತಿಳಿದಿದ್ದೆ. ಒಂದು ಸಂಜೆ ವಿಕ್ಟೋರಿಯಾ ಸ್ಟೇಷನ್ನಿನಿಂದ ರೈಲಿನಲ್ಲಿ ಬರುವಾಗ ಅವನೇ ಬಾಯಿಬಿಟ್ಟ.

"ಅವಳು ಒಂದೇ ಒಂದು ಸಲ, ಆಮೇಲೆ ಏನಾಯ್ತು ಅಂತ ಕೇಳಿದ್ರೆ ಸಾಕು ಕಣೋ."

"ಅಡಿಗೆಮನೇಲಿ ಅಡ್ಡ ನಿಂತು ಹೇಳಿದ್ರೆ ಯಾರು ಕೇಳ್ತಾರೋ?"

ಈ ಮಾತು ಅವನಿಗೆ ನಾಟಿತು. ಚರಿತ್ರೆ ನಡೆದ ಜಾಗಕ್ಕೇ ಕರೆದೊಯ್ದು ಹೇಳಬೇಕೆಂದು ತೀರ್ಮಾನಿಸಿದ. ಅದು ಅಗ್ಗದ ವಿಮಾನಗಳ ಕಾಲ, ೨೦೦೪. ಸ್ಟಾನ್‌ಸ್ಟೆಡ್ ವಿಮಾನ ನಿಲ್ದಾಣದಿಂದ ಬೆಳಿಗ್ಗೆ ಹೊರಟು ಇಟಲಿಯ ಬೆರ್ಗಮೊ ನೋಡಿಕೊಂಡು ಸಂಜೆಗೆ ವಾಪಸ್ಸು. ಬೆಟ್ಟದ ಮೇಲೆ ಹಳೆಯ ಊರು, ಗೋಪುರ, ಗಂಟೆ, ಎಲ್ಲ ಇದೆ. ಮೀರಾ ಕೇಳಿದ್ದು ಒಂದೇ ಪ್ರಶ್ನೆ.

"ಅಲ್ಲಿ ಕೂತ್ಕೊಳ್ಳೋಕೆ ಜಾಗ ಇರತ್ತಾ?"

ಸಟನ್ ಲಂಡನ್ನಿನ ಒಂದು ತುದಿ, ಸ್ಟಾನ್‌ಸ್ಟೆಡ್ ಲಂಡನ್ನನ್ನೇ ದಾಟಿ ಆಚೆ. ಅವರನ್ನು ಕಾರಿನಲ್ಲಿ ಬಿಟ್ಟುಬರುವ ಕೆಲಸ ನನಗೆ ಬಂತು. ವಾರವಿಡೀ ಲ್ಯಾಬಿನಲ್ಲಿ ದುಡಿದು, ನಸುಕಿನಲ್ಲೆದ್ದು ಪುಳಿಯೋಗರೆ ಕಲಸಿದ ಮೀರಾ ಹಿಂದಿನ ಸೀಟಿನಲ್ಲಿ. ಮುಂದೆ ತಿರುಮಲೇಶ ದಾರಿಯುದ್ದಕ್ಕೂ ಬೆರ್ಗಮೊದ ಕೋಟೆಯನ್ನು ಮಾತಿನಲ್ಲೇ ಕಟ್ಟುತ್ತಿದ್ದ. ಥೇಮ್ಸ್ ನದಿಯಡಿಯ ಡಾರ್ಟ್‌ಫರ್ಡ್ ಸುರಂಗ ಹೊಗುವ ಹೊತ್ತಿಗೆ ಹಿಂದಿನಿಂದ ಹೂಂ ನಿಂತಿತ್ತು.

ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ ಅವನ ಕೆಂಪು ಬ್ರಿಟಿಷ್ ಪಾಸ್‌ಪೋರ್ಟ್ ನೋಡಿ ಮರಳಿಸಿದಳು. ಮೀರಾ ಅವರ ನೀಲಿ ಭಾರತೀಯ ಪಾಸ್‌ಪೋರ್ಟನ್ನು ಹಿಂದೆ ಮುಂದೆ ತಿರುವಿ, ಇಟಲಿಯ ವೀಸಾ ಎಲ್ಲಿ ಎಂದಳು.

ಇದು ಆ ಮನೆಯ ಹಳೆಯ ಕತೆ. ಕಾನ್ಫರೆನ್ಸುಗಳಿಗೆ ಓಡಾಡಲು ಸುಲಭವೆಂದು ತಿರುಮಲೇಶ ಎಂದೋ ಬ್ರಿಟಿಷ್ ಪ್ರಜೆಯಾದ. "ಮನೇಲಿ ಒಬ್ರಾದ್ರೂ ಮೈಸೂರವ್ರಾಗಿರ್ಲಿ" ಎಂದು ಮೀರಾ ಹಾಗೇ ಉಳಿದರು. ಊರಿಗೆ ಹೋಗುವಾಗಲೆಲ್ಲ ಅವನು ಹುಟ್ಟಿದ ದೇಶಕ್ಕೇ ವೀಸಾ ಬೇಡುತ್ತ ಸಾಲಿನಲ್ಲಿ ನಿಲ್ಲುತ್ತಿದ್ದ. ಮೀರಾ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದರು. ರಜೆಯೆಂದರೆ ಮೈಸೂರು, ಇಲ್ಲವೇ ಸ್ಕಾಟ್ಲೆಂಡ್. ಹೆಂಡತಿ ಬೇರೊಂದು ದೇಶದವಳೆಂಬುದು ಅವನಿಗೆ ಮರೆತೇಹೋಗಿತ್ತು.

"ಈಕೆ ನನ್ನ ಹೆಂಡತಿ" ಎಂದು ಆ ಹುಡುಗಿಗೆ ಇಂಗ್ಲಿಷಿನಲ್ಲಿ ಗಂಭೀರವಾಗಿ ತಿಳಿಸಿದ. ಅದು ವೀಸಾ ಅಲ್ಲವಲ್ಲ ಸರ್, ಎಂದಳು ಅವಳು.

"ನೀನಾದ್ರೂ ನೆನಪು ಮಾಡ್ಬಾರ್ದಾ ಮೀರಾ?"

"ಕೋಟೆ ಬಾಗಿಲು ಎಷ್ಟು ಅಂತೆಲ್ಲ ಓದ್ಕೊಂಡಿದ್ರಲ್ಲ ರೀ. ಒಳಗೆ ಯಾರನ್ನ ಬಿಡ್ತಾರೆ ಅಂತಾನೂ ಓದಿರ್ತೀರಿ ಅಂದ್ಕೊಂಡೆ."

"ಹಾಗಾದ್ರೆ ನಾನೂ ಹೋಗಲ್ಲ."

"ಹೋಗ್ಬನ್ನಿ. ಟಿಕೆಟ್ ಯಾಕೆ ಹಾಳು ಮಾಡ್ತೀರಿ? ಬಂದು ಹೇಳೋರಂತೆ." ಪುಳಿಯೋಗರೆಯ ಚೀಲವನ್ನು ಅವನ ಕೈಗಿತ್ತರು, ಇಬ್ಬರ ಪಾಲೂ ಅದರಲ್ಲೇ ಇತ್ತು.

ಬೆರ್ಗಮೊದಲ್ಲಿ ನಡೆದದ್ದು ನನಗೆ ಮುಂದೆ ತುಣುಕು ತುಣುಕಾಗಿ ತಿಳಿಯಿತು. ಬೆಟ್ಟ ಹತ್ತುವ ಪುಟ್ಟ ರೈಲಿನಲ್ಲಿ ಒಬ್ಬ ಇಂಗ್ಲಿಷ್ ಮುದುಕನಿಗೆ ಊರಿನ ಚರಿತ್ರೆ ಶುರುಮಾಡಿದ. ಮುದುಕ ಕಿವಿಯ ಯಂತ್ರವನ್ನು ತೆಗೆದು ಜೇಬಿಗೆ ಹಾಕಿಕೊಂಡ. ಚರ್ಚು ತಲುಪುವಷ್ಟರಲ್ಲಿ ಮಧ್ಯಾಹ್ನದ ಊಟಕ್ಕೆಂದು ಬಾಗಿಲು ಮುಚ್ಚಿತ್ತು. ಗೋಪುರ ಹತ್ತಿದ. ಮೇಲೆ ನಿಂತು "ನೋಡು ಮೀರಾ" ಎಂದು ಜೋರಾಗಿಯೇ ಅಂದುಬಿಟ್ಟ. ಪಕ್ಕದಲ್ಲಿದ್ದ ಒಂದು ಪಾರಿವಾಳ ನೋಡಿತು. ಇಳಿದು ಬಂದವನಿಗೆ ಬೇರೇನನ್ನೂ ನೋಡುವ ಮನಸ್ಸಾಗಲಿಲ್ಲ. ಕೋಟೆಗೋಡೆಯ ಬೆಂಚಿನಲ್ಲಿ ಕೂತು ಇಬ್ಬರ ಪುಳಿಯೋಗರೆಯನ್ನೂ ತಿಂದು ಮುಗಿಸಿದ. ಕೂರಲು ಬೆಂಚುಗಳು ಬೇಕಾದಷ್ಟಿದ್ದವಂತೆ.

ಇತ್ತ ಮೀರಾ ಸ್ಟಾನ್‌ಸ್ಟೆಡ್‌ನಿಂದ ಸಟನ್‌ವರೆಗೆ ಕಾರಿನಲ್ಲಿ ಮಲಗಿದರು, ಮನೆಗೆ ಬಂದು ಮತ್ತೆ ಮಲಗಿದರು, ಎದ್ದು ಹಿತ್ತಲಿನಲ್ಲಿ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂತರು.

ಸಂಜೆ ಅವನನ್ನು ಕರೆತರಲು ನನ್ನ ಜೊತೆ ತಾವೂ ಹೊರಟರು. ಮುಖ ತೊಳೆದಿಟ್ಟ ಹಿತ್ತಾಳೆಯ ಹಾಗಿತ್ತು. "ಮನೆಯಿಡೀ ಎಷ್ಟು ನಿಶ್ಶಬ್ದ ಅಂತೀರಿ" ಎಂದರು. ಸ್ವಲ್ಪ ದೂರ ಹೋದ ಮೇಲೆ, "ಜಾಸ್ತಿ ಹೊತ್ತು ಅದೂ ಆಗಲ್ಲಪ್ಪ" ಎಂದರು.

ತಿರುಮಲೇಶ ಕುಂಟುತ್ತ ಬಂದ. ಹಿಂದಿನ ಸೀಟಿನಲ್ಲಿ ಬಿದ್ದು, ಖಾಲಿ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡ. ಮೀರಾ ಮುಂದಿನ ಸೀಟಿನಿಂದ ಪೂರ್ತಿ ಹಿಂದಕ್ಕೆ ತಿರುಗಿ ಕೂತರು.

"ಈಗ ಹೇಳಿ ರೀ. ಏನೇನು ನೋಡಿದ್ರಿ?"

"ಒಂದು ಗೋಪುರ ಇತ್ತು" ಎಂದ ಅವನು. "ಹತ್ತಿದೆ."

"ಆಮೇಲೆ ಏನಾಯ್ತು?"

ಕನ್ನಡಿಯಲ್ಲಿ ನೋಡಿದೆ. ಅವನ ಬಾಯಿ ತೆರೆದಿತ್ತು, ಕಣ್ಣು ಮುಚ್ಚಿತ್ತು. ಮೀರಾ ಮೊಣಕೈಯನ್ನು ಸೀಟಿನ ಮೇಲೂರಿ ಕಾದರು. ನಾನು ಡಾರ್ಟ್‌ಫರ್ಡ್ ಸೇತುವೆ ದಾಟಿದೆ.

"ರೀ, ಆಮೇಲೆ?"

"ಹೂಂ" ಎಂದ ತಿರುಮಲೇಶ, ನಿದ್ದೆಯಲ್ಲೇ.