ಅಕ್ಕಲಕೋಟ ರಸ್ತೆಯ ಚೀನೀ ಅರಮನೆ

ನನ್ನ ತಂಗಿಯ ಗಂಡ ಸೊಲ್ಲಾಪುರದಲ್ಲಿ ಚಾದರದ ವ್ಯಾಪಾರಿ. ಮಗ್ಗ ನೋಡಲೆಂದು ಚೀನಾಕ್ಕೆ ಹೋದವರು ಮಗ್ಗ ಬಿಟ್ಟು ಬೇರೇನನ್ನೋ ತಲೆಯಲ್ಲಿ ತುಂಬಿಕೊಂಡು ಬಂದರು. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ನಿಂತುಹೋಗಿದ್ದ ತಮ್ಮ ಮಗ್ಗದ ಶೆಡ್ಡನ್ನು ಚೀನೀ ಅರಮನೆ ಮಾಡಿ, ಒಳಗೆ ಕುರ್ಚಿ ಅಲುಗಾಡುವ, ಮೈಮೇಲೆ ಗಾಳಿ ನೀರು ಬೀಳುವ ಸಿನೆಮಾ ಹಾಕುವುದಂತೆ. ನಾನು ನಿವೃತ್ತ ಡ್ರಾಯಿಂಗ್ ಮಾಸ್ತರ. ನಕ್ಷೆ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು.

ನಾನೋ ಇನ್ನೂ ದೊಡ್ಡ ಮೂರ್ಖ. ಎರಡು ತಿಂಗಳು ಪುಸ್ತಕ ತಿರುವಿದೆ. ಆ ದೇಶದ ಬಡಿಗರು ಮೊಳೆಯೇ ಇಲ್ಲದೆ, ತೊಲೆಯ ತುದಿಗೆ ಕಟ್ಟಿಗೆಯ ತುಂಡುಗಳನ್ನು ಒಂದರೊಳಗೊಂದು ಸಿಕ್ಕಿಸಿ ಅಷ್ಟು ಭಾರದ ಚಾವಣಿಯನ್ನು ಹೊರಿಸುತ್ತಿದ್ದರು. ಒಂದೊಂದು ಜೋಡಣೆಯನ್ನೂ ಬಿಡಿಸಿ ಬಿಡಿಸಿ ಬರೆದೆ. ತಂಗಿಯ ಗಂಡ ನಿಂತಲ್ಲೇ ಹಾಳೆ ಮಗುಚಿದರು.

"ಇಷ್ಟು ಕಟಗಿ ಯಾಕ ಬೇಕ್ರಿ ಮಾಸ್ತರ? ಫೈಬರ್‌ದಾಗ ಮಾಡಸ್ತೀನಿ. ಮಂದೀಗಿ ಒಂದು ಫೋಟೋ ಸಿಕ್ಕರ ಬಸ್, ಝಾಲಂ, ಮುಗೀತು."

ಗಣಪತಿ ಮಂಟಪ ಕಟ್ಟುವವರು ಬಂದು ಹದಿನೈದು ದಿನದಲ್ಲಿ ಅರಮನೆ ನಿಲ್ಲಿಸಿದರು. ಚಾವಣಿಯ ಮೂಲೆಗಳು ಮೇಲಕ್ಕೆ ಬಾಗಿದ್ದವು, ನಿಜ. ಒಂದೊಂದು ಒಂದೊಂದು ಎತ್ತರಕ್ಕೆ. ಬಾಗಿಲ ಸಿಂಹಗಳಿಗೆ ಬೀದಿನಾಯಿಯ ಮುಖ. ಕಂಬಕ್ಕೆ ಕೈಯಿಟ್ಟರೆ ಬಣ್ಣ ಹತ್ತಿ ಅಂಗೈ ಕೆಂಪಾಗುತ್ತಿತ್ತು.

ಉದ್ಘಾಟನೆಯ ದಿನ ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಮೂರು ಗೋಡೆಗಳ ಮೇಲೆ ಚಿತ್ರ ಶುರುವಾಯಿತು. ಹಿಂದೆ ಕೂತ ವ್ಯಾಪಾರಿಗಳು ಕುರ್ಚಿ ಅಲುಗಿದಾಗಲೆಲ್ಲ ಮಕ್ಕಳಂತೆ ಕಿರುಚುತ್ತಿದ್ದರು. ಬೆಟ್ಟ, ನದಿ, ಮೋಡ ದಾಟಿ ಕ್ಯಾಮೆರಾ ಒಂದು ಹಳೆಯ ಗುಡಿಯೊಳಗೆ ಇಳಿದು, ಚಾವಣಿಯ ಕೆಳಗೆ ನಿಧಾನವಾಗಿ ಸರಿಯಿತು. ನಾನು ಬರೆದ ಅದೇ ಜೋಡಣೆಗಳು! ನೂರಾರು ವರ್ಷದ ಕಟ್ಟಿಗೆ, ಒಂದೂ ಮೊಳೆಯಿಲ್ಲ. ನನ್ನ ಕಣ್ಣು ತುಂಬಿತು. ಅಷ್ಟರಲ್ಲಿ ಯಂತ್ರ ಎಲ್ಲರ ಮುಖಕ್ಕೂ ನೀರು ಚಿಮ್ಮಿಸಿತು. ಯಾರಿಗೂ ಗೊತ್ತಾಗಲಿಲ್ಲ.

ಹೊರಗೆ ಬಂದ ಕೂಡಲೆ ತಂಗಿಯ ಗಂಡ ಹ್ಯಾಂಗ ಅನಿಸ್ತು ಎಂದು ಕೇಳಿದರು. ಹತ್ತು ಜನರ ಮುಂದೆ ಚುಚ್ಚಬೇಕೆಂದೇ ಹೇಳಿದೆ: "ಒಳಗಿನ ಸಿನೆಮಾ ಖರೇ ಅನಿಸ್ತು. ಹೊರಗಿನ ಕಟ್ಟಡ ಸಿನೆಮಾ ಅನಿಸ್ತು."

ತಂಗಿ ತಲೆ ತಗ್ಗಿಸಿದಳು. ಅವಳಿಗೆ ತಿಳಿದಿತ್ತು. ಅವಳ ಗಂಡ ಮಾತ್ರ ನನ್ನನ್ನು ಬಿಗಿದಪ್ಪಿಕೊಂಡರು. ಮರುವಾರ ಆ ಮಾತು ಮರಾಠಿಯಲ್ಲಿ, ದೊಡ್ಡ ಬೋರ್ಡಿನ ಮೇಲೆ, ನನ್ನ ಫೋಟೋದ ಸಮೇತ ರಸ್ತೆಗೆ ಮುಖ ಮಾಡಿ ನಿಂತಿತು. ಈಗ ಹಳೆಯ ವಿದ್ಯಾರ್ಥಿಗಳು ದಾರಿಯಲ್ಲಿ ಸಿಕ್ಕರೆ, ಸರ್, ನಿಮ್ಮ ಅರಮನಿ ನೋಡಿದ್ವಿ ಅನ್ನುತ್ತಾರೆ.